‘ಅಪ್‌ಲಿಫ್ಟ್’ ಅನ್ನೋದಕ್ಕೆ ಕನ್ನಡದಲ್ಲಿ ಯಾವ ಪದ ಸರಿ?

ಬಿರುಗಾಳಿಗೆ ಚಾವಣಿ ಕಿತ್ತುಹೋಗುವ ಬಗ್ಗೆ ಬರೆಯುತ್ತಿದ್ದೇನೆ, ಒಂದು ಪದ ಬೇಕಾಗಿದೆ. ಗಾಳಿಯಿಂದ ಚಾವಣಿಯನ್ನು ಮೇಲಕ್ಕೆತ್ತುವ ಬಲಕ್ಕೆ ಎಂಜಿನಿಯರುಗಳು ‘ಅಪ್‌ಲಿಫ್ಟ್’ ಅನ್ನುತ್ತಾರಲ್ಲ, ಅದಕ್ಕೆ. ‘ಗಾಳಿಯ ಹೊಡೆತ’ ಅಂದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಹೊಡೆತ ಅನ್ನೋದು ಗೋಡೆಗೆ ಒಪ್ಪುವ ಮಾತು, ಅದು ಎದುರಿಂದ ಬಂದು ಬೀಳುತ್ತದೆ. ಇಳಿಜಾರು ಕಡಿಮೆ ಇರುವ ಚಾವಣಿಯಲ್ಲಿ ನಡೆಯುವುದೇ ಬೇರೆ.

ಗಾಳಿ ಗೋಡೆಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಸೂರಿನ ಅಂಚು ದಾಟುವಾಗ ಅದಕ್ಕೆ ಚಾವಣಿಯನ್ನು ಅಂಟಿಕೊಂಡೇ ಸಾಗಲು ಆಗುವುದಿಲ್ಲ, ಬಿಟ್ಟು ಎಗರುತ್ತದೆ. ಅಂಚಿನ ಹಿಂದೆಯೇ ಸುಳಿಗಳು ಏಳುತ್ತವೆ, ಅಲ್ಲಿ ಒತ್ತಡ ಕುಸಿಯುತ್ತದೆ. ಒಳಗಿನ ಗಾಳಿಯ ಒತ್ತಡ ಮಾತ್ರ ಅಷ್ಟು ಇಳಿದಿರುವುದಿಲ್ಲ. ಕೆಳಗೆ ಜಾಸ್ತಿ, ಮೇಲೆ ಕಡಿಮೆ. ಅದೇ ವ್ಯತ್ಯಾಸ ಚಾವಣಿಯನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಗೆ ಎದುರಾಗಿರುವ ಕಿಟಕಿಯೋ ಬಾಗಿಲೋ ಒಡೆದರಂತೂ ಒಳಗೂ ಗಾಳಿ ನುಗ್ಗಿ ಕೆಳಗಿನ ಒತ್ತಡ ಇನ್ನಷ್ಟು ಏರುತ್ತದೆ.

ಗಂಟೆಗೆ 100 ಕಿ.ಮೀ. ವೇಗದ ಗಾಳಿಗೆ ಲೆಕ್ಕ ಹಾಕಿದರೆ ಒತ್ತಡ ಸುಮಾರು 460 ಪ್ಯಾಸ್ಕಲ್ ಬರುತ್ತದೆ. ನಮ್ಮ ಸುತ್ತಲಿನ ವಾತಾವರಣದ ಒತ್ತಡದಲ್ಲಿ ಅದು ಅರ್ಧ ಪರ್ಸೆಂಟ್ ಕೂಡ ಅಲ್ಲ. ಆದರೂ ಒಂದು ಚದರ ಮೀಟರಿಗೆ ಅದು 47 ಕಿಲೋ ತೂಕದಷ್ಟು ಬಲ. ಅರ್ಧ ಮಿ.ಮೀ. ದಪ್ಪದ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ ತೂಗುವುದು ನಾಲ್ಕೈದು ಕಿಲೋ! ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಇದಕ್ಕಿಂತಲೂ ಜೋರು, ಅದಕ್ಕೇ ಶೀಟು ಸಾಮಾನ್ಯವಾಗಿ ಅಲ್ಲಿಂದ ಏಳಲು ಶುರುವಾಗುತ್ತದೆ.

ಈಗ ಪದಕ್ಕೆ ಬರೋಣ. ‘ಹೀರುವಿಕೆ’, ‘ಸೆಳೆತ’ ಎರಡೂ ಬಳಕೆಯಲ್ಲಿವೆ. ಓದಲು ಸಲೀಸು, ಆದರೆ ಮೇಲಿನ ಗಾಳಿ ಕೈಹಾಕಿ ಎಳೆಯಿತು ಅನ್ನೋ ಭಾವ ಬರುತ್ತದೆ. ಗಾಳಿಗೆ ಹಾಗೆ ಎಳೆಯಲು ಬರುವುದಿಲ್ಲ, ಒತ್ತಲು ಮಾತ್ರ ಬರುತ್ತದೆ. ‘ಎತ್ತುಬಲ’ ಚಿಕ್ಕದು, ಚೊಕ್ಕದು. ವಿಮಾನದ ರೆಕ್ಕೆಗೂ ಹೊಂದುತ್ತದೆ. ಒಂದೇ ತೊಡಕು, ಹಿಂದುಮುಂದಿನ ಮಾತಿಲ್ಲದೆ ಓದಿದರೆ ಹೊಲದ ಎತ್ತು ನೆನಪಾಗುತ್ತದೆ. ‘ಮೇಲ್ಮುಖ ಒತ್ತಡ’ದಲ್ಲಿ ತಪ್ಪಿಲ್ಲ, ಆದರೆ ಒತ್ತಡಕ್ಕೂ ಅದರಿಂದಾಗುವ ಬಲಕ್ಕೂ ಒಂದೇ ಪದ ಬಳಸಿದರೆ ಮುಂದಿನ ಸಾಲಲ್ಲೇ ಗೊಂದಲ.

ನನಗೆ ‘ಮೇಲ್ನೂಕು’ ಹಿಡಿಸಿದೆ. ದಿಕ್ಕೂ ಇದೆ, ಕೆಲಸವೂ ಇದೆ. ವಾಕ್ಯದಲ್ಲಿಟ್ಟು ನೋಡಿ: ‘ಮೇಲ್ನೂಕು ತಡೆಯಲು ಶೀಟಿನ ಮೇಲೆ ಕಲ್ಲು ಹೇರಿದರೆ ಸಾಲದು. ಶೀಟನ್ನು ರೀಪಿಗೆ, ರೀಪನ್ನು ತೊಲೆಗೆ, ತೊಲೆಯನ್ನು ಗೋಡೆಗೆ ಬಿಗಿಯಬೇಕು.’ ಚಾವಣಿ ಕೆಲಸ ಮಾಡುವವರಿಗೂ ಇದು ಥಟ್ಟನೆ ತಿಳಿಯುತ್ತದೆ ಅನ್ನಿಸುತ್ತದೆ.

ಬಡಗಿಗಳು, ಶೀಟು ಹಾಕುವವರು ಇದಕ್ಕೆ ಆಗಲೇ ಬಳಸುವ ಮಾತೇನಾದರೂ ಇದೆಯಾ? ಇದ್ದರೆ ‘ಮೇಲ್ನೂಕು’ ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ.