‘ಕರೆಂಟ್ ಹೋಯ್ತು’, ‘ಕರೆಂಟ್ ತೆಗೆದ್ರು’: ಇವೆರಡೂ ಅಲ್ಲದ್ದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದೋ ಹುಡುಗರಿಗೆ ಅಂತ ಗ್ರಿಡ್ಡು (ಊರೂರಿಗೆ ಕರೆಂಟ್ ಮುಟ್ಟಿಸೋ ಜಾಲ) ಮತ್ತೆ ಕಂಪ್ಯೂಟರ್ ವೈರಸ್ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೀತಾ ಇದೀನಿ, ನಾಕು ದಿನದಿಂದ ಒಂದೇ ಒಂದು ಕ್ರಿಯಾಪದದ ಹತ್ರ ನಿಂತುಬಿಟ್ಟಿದೀನಿ: ಹೊರಗಿನವರು ಕಂಪ್ಯೂಟರ್ ಒಳಗೆ ನುಗ್ಗಿ ಕರೆಂಟ್ ನಿಲ್ಲಿಸಿದ್ರೆ ಅದಕ್ಕೆ ಏನನ್ನೋದು? ನಾಮಪದಗಳದ್ದು ಅಷ್ಟು ತೊಂದರೆ ಇಲ್ಲ. ಫೀಡರ್, ಬ್ರೇಕರ್ (ಲೈನಿನ ಕರೆಂಟ್ ಕಡಿಯೋ ದೊಡ್ಡ ಸ್ವಿಚ್ಚು), ರಿಲೇ (ಫಾಲ್ಟ್ ಕಂಡ್ರೆ ಬ್ರೇಕರಿಗೆ ಬಿಡು ಅಂತ ಹೇಳೋ ಸಾಧನ), ಸಬ್‌ಸ್ಟೇಷನ್ ಇವನ್ನ ಯಾವ ಲೈನ್‌ಮನ್ನೂ ಬೇರೆ ಹೆಸರಲ್ಲಿ ಕರೆಯಲ್ಲ, ನಾನೂ ಕರೆಯೋದಿಲ್ಲ.

ನಮ್ಮದು ಹಾವೇರಿ ಕಡೆ. ದೀಪ ಆರಿದ ತಕ್ಷಣ ಮನೇಲಿ ಒಬ್ರು ‘ಕರೆಂಟ್ ಹೋತು’ ಅಂದ್ರೆ ಇನ್ನೊಬ್ರು ಕಟ್ಟೆಗೆ ಬಂದು ಆಚೆ ಓಣಿ ನೋಡಿ ‘ಹೋಗಿಲ್ಲ, ತಗದಾರ’ ಅಂತ ತಿದ್ದತಾರೆ. ಹೋಗೋದು ಅಂದ್ರೆ ಗಾಳಿ ಮಳೆ, ಕೊಂಬೆ ಬಿತ್ತು, ಫ್ಯೂಸ್ ಸುಟ್ಟಿತು, ಯಾರೂ ಬೇಕಂತ ಮಾಡಿದ್ದಲ್ಲ. ತೆಗೆಯೋದು ಅಂದ್ರೆ ಸ್ಟೇಷನ್‌ನಲ್ಲಿ ಒಬ್ಬ ಮನುಷ್ಯ ಇದಾನೆ, ಅವನಿಗೆ ಅಧಿಕಾರ ಇದೆ, ಒಂದು ಕಾರಣಾನೂ ಇದೆ, ಲೋಡ್ ಶೆಡ್ಡಿಂಗೋ ಇಲ್ಲಾ ಕಂಬದ ಮೇಲೆ ಯಾರೋ ಹತ್ತಿದಾರೋ. ವಾಪಸ್ ಬರುವಾಗ್ಲೂ ಹಾಗೇ, ಹೋಗಿದ್ದು ‘ಬರತ್ತೆ’, ತೆಗೆದಿದ್ದನ್ನ ‘ಕೊಡ್ತಾರೆ’. ‘ತ್ರೀ ಫೇಸ್ ಕೊಟ್ಟಾರ’ ಅಂದ್ರೆ ರಾತ್ರಿ ಎರಡು ಗಂಟೆ ಆದ್ರೂ ರೈತ ಎದ್ದು ಪಂಪ್‌ಸೆಟ್ಟಿಗೆ ಓಡಬೇಕು.

ನಮ್ಮಪ್ಪ 110 ಕೆವಿ ಸ್ಟೇಷನ್‌ನಲ್ಲಿ ಆಪರೇಟರ್ ಆಗಿದ್ರು. ನೈಟ್ ಶಿಫ್ಟಿಗೆ ಬುತ್ತಿ ಕೊಡೋಕೆ ಹೋದಾಗೆಲ್ಲ ಮೇಜಿನ ಮೇಲಿನ ಲಾಗ್ ಬುಕ್ ನೋಡ್ತಿದ್ದೆ. ಫಾಲ್ಟ್ ಆಗಿ ಬ್ರೇಕರ್ ತಾನೇ ಬಿಟ್ಟುಕೊಂಡ್ರೆ ‘ಟ್ರಿಪ್’ ಅಂತ ಬರೆದು ಯಾವ ರಿಲೇದು ಇಂಡಿಕೇಷನ್ ಬಂತು ಅನ್ನೋದು ಬರೀತಿದ್ರು, ತಾವೇ ಪ್ಯಾನಲ್ಲಿನ ಹಿಡಿಕೆ ತಿರುಗಿಸಿ ತೆಗೆದ್ರೆ ‘ಹ್ಯಾಂಡ್ ಟ್ರಿಪ್’, ಪಕ್ಕದಲ್ಲಿ ಯಾರು ಹೇಳಿದ್ದಕ್ಕೆ ತೆಗೆದದ್ದು ಅಂತ ಹೆಸರು. ಅಂದ್ರೆ ಓಣಿಯಲ್ಲಿ ಇದ್ದ ಹೋತು–ತಗದಾರ ಲೆಕ್ಕವೇ ಆ ಪುಸ್ತಕದಲ್ಲೂ ಇತ್ತು.

ಈಗ ನಾನು ಬರೀಬೇಕಾಗಿರೋ ಘಟನೆ. 2015ರ ಡಿಸೆಂಬರ್ 23, ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್‌ಸ್ಕ್ ಕಡೆ, ಹೊತ್ತು ಮುಳುಗೋಕೆ ಸ್ವಲ್ಪ ಮುಂಚೆ, ಕಂಟ್ರೋಲ್ ರೂಮಲ್ಲಿ ಆಪರೇಟರ್ ಕೂತಿದಾನೆ, ಮೌಸ್ ಮುಟ್ಟಿಲ್ಲ, ಆದ್ರೂ ಸ್ಕ್ರೀನ್ ಮೇಲೆ ಬಾಣದ ಗುರುತು ತಾನೇ ಸರಿದಾಡ್ತಾ ಒಂದೊಂದೇ ಬ್ರೇಕರ್ ಹತ್ರ ಹೋಗಿ ತೆಗೀತಾ ಇದೆ, ಇವನು ಮೌಸ್ ಹಿಡಿದು ತಡೆಯೋಕೆ ನೋಡಿದ್ರೆ ಇವನನ್ನೇ ಲಾಗೌಟ್ ಮಾಡಿಬಿಡ್ತು, ಮತ್ತೆ ಒಳಗೆ ಹೋಗೋಣ ಅಂದ್ರೆ ಪಾಸ್‌ವರ್ಡೇ ಬದಲಾಗಿದೆ. ಮೂರು ವಿತರಣಾ ಕಂಪನಿಗಳು, ಸುಮಾರು 30 ಸಬ್‌ಸ್ಟೇಷನ್, ಸುಮಾರು 2.25 ಲಕ್ಷ ಗ್ರಾಹಕರು ಕತ್ತಲಲ್ಲಿ. ದೂರು ಹೇಳೋ ನಂಬರಿಗೂ ಸುಳ್ಳು ಕರೆಗಳನ್ನ ಸುರಿಸಿ ಜನರ ಫೋನ್ ತಲುಪದ ಹಾಗೆ ಮಾಡಿದ್ರು.

ಇದನ್ನ ‘ಹೋಯ್ತು’ ಅನ್ನೋಕೆ ಬರಲ್ಲ, ಏನೂ ಕೆಟ್ಟಿರಲಿಲ್ಲ. ‘ತೆಗೆದ್ರು’ ಅನ್ನೋಕೂ ಮನಸ್ಸು ಒಪ್ಪಲ್ಲ, ತೆಗೆಯೋ ಅಧಿಕಾರ ಇದ್ದವನು ಕಣ್ಣೆದುರೇ ಬೇಡ ಬೇಡ ಅಂತ ಒದ್ದಾಡ್ತಿದ್ದ. ಲಾಗ್ ಬುಕ್ಕಲ್ಲಿ ‘ಹ್ಯಾಂಡ್ ಟ್ರಿಪ್’ ಅಂತ ಬರೀಬೇಕಾ, ಬರೆದ್ರೆ ಕೈ ಯಾರದ್ದು?

ಸಲೀಸಾಗಿ ‘ವೈರಸ್ ದಾಳಿ’ ಅಂತ ಬರೆದುಬಿಡಬಹುದು, ಆದ್ರೆ ಹುಡುಗರಿಗೆ ತಪ್ಪು ಚಿತ್ರ ಹೋಗತ್ತೆ. ಬ್ಲಾಕ್‌ಎನರ್ಜಿ ಅನ್ನೋ ಪ್ರೋಗ್ರಾಮು ತಿಂಗಳುಗಟ್ಟಲೆ ಮುಂಚೆ ಇಮೇಲಿನ ಅಟ್ಯಾಚ್‌ಮೆಂಟ್ ಜೊತೆ ಆಫೀಸಿನ ಕಂಪ್ಯೂಟರಿಗೆ ಸೇರಿಕೊಂಡಿತ್ತು, ಅದು ಬಾಗಿಲು ತೆಗೆದುಕೊಟ್ಟಿತು ಅಷ್ಟೇ, ಬ್ರೇಕರ್ ತೆಗೆದದ್ದು ಎಲ್ಲೋ ದೂರ ಕೂತ ಮನುಷ್ಯರು. ಮರುವರ್ಷ ಡಿಸೆಂಬರ್ 17ರ ರಾತ್ರಿ ಕೀವ್ ನಗರದ ಉತ್ತರದ ಸಬ್‌ಸ್ಟೇಷನ್‌ನಲ್ಲಿ ಆದದ್ದು ಬೇರೆ ಥರ, ಇಂಡಸ್ಟ್ರೋಯರ್ ಅನ್ನೋ ಆ ಪ್ರೋಗ್ರಾಮಿಗೆ ಬ್ರೇಕರ್ ಜೊತೆ ಮಾತಾಡೋ ಭಾಷೆಯೇ ಗೊತ್ತಿತ್ತು, ಹೆಚ್ಚುಕಡಿಮೆ ಒಂದು ಗಂಟೆ ಕರೆಂಟ್ ಇರಲಿಲ್ಲ. ಈ ಎರಡೂ ಪ್ರೋಗ್ರಾಮುಗಳಿಗೆ ಈಗ ಬಳಕೆಯಲ್ಲಿರೋ ‘ಕುತಂತ್ರಾಂಶ’ (ಇಂಗ್ಲಿಷಿನ ಮಾಲ್‌ವೇರ್) ಅನ್ನೋ ಪದ ನನಗೆ ತುಂಬ ಹಿಡಿಸಿದೆ. ಕು ಸೇರಿಸಿದ ತಂತ್ರಾಂಶ ಅಂತ ಒಡೆದ್ರೂ ಸರಿ, ಕುತಂತ್ರದ ಅಂಶ ಅಂತ ಒಡೆದ್ರೂ ಸರಿ, ಎರಡೂ ಕೂಡ್ತವೆ, ಇಂಥ ಪದ ಅಪರೂಪಕ್ಕೆ ಸಿಗೋದು.

ಶತ್ರುವೇ ಇಲ್ಲದ ಕೇಸೂ ಒಂದಿದೆ, ಅದನ್ನೂ ಪಾಠದಲ್ಲಿ ಹೇಳಲೇಬೇಕು. 2003ರ ಆಗಸ್ಟ್ 14, ಅಮೆರಿಕದ ಓಹಾಯೋ. ಕಂಟ್ರೋಲ್ ರೂಮಿನ ಅಲಾರಂ ತಂತ್ರಾಂಶ ಒಂದು ಬಗ್‌ನಿಂದ ನಿಂತುಹೋಗಿತ್ತು, ನಿಂತಿದೆ ಅಂತ ಹೇಳೋಕೂ ಇನ್ನೊಂದು ಅಲಾರಂ ಇರಲಿಲ್ಲ, ಹೊರಗೆ ಲೈನುಗಳು ಜೋತು ಮರಕ್ಕೆ ತಾಗಿ ಒಂದರ ಹಿಂದೆ ಒಂದು ಟ್ರಿಪ್ ಆಗ್ತಾ ಇದ್ರೆ ಒಳಗಿದ್ದವರು ಗಂಟೆಗೂ ಹೆಚ್ಚು ಹೊತ್ತು ಎಲ್ಲ ಸರಿ ಇದೆ ಅಂದುಕೊಂಡಿದ್ರು. ಸಂಜೆ ಹೊತ್ತಿಗೆ ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಇಲ್ಲ. ಇಲ್ಲಿ ‘ತಂತ್ರಾಂಶ ಕೈಕೊಡ್ತು’ ಅಂತ ಬರೆದಿದೀನಿ. ಆದ್ರೆ ಕೈಕೊಟ್ಟದ್ದು ನಮಗೆ ಆಗಲೇ ಗೊತ್ತಾಗತ್ತೆ, ಬೈಕ್ ನಡುದಾರೀಲಿ ನಿಂತ ಹಾಗೆ. ಇಲ್ಲಿ ಗೊತ್ತೇ ಆಗಲಿಲ್ಲವಲ್ಲ, ಮೂಕಾಗಿ ಕೂತಿತು. ಹಾಗಾಗಿ ‘ಅಲಾರಂ ಮೂಕಾಯ್ತು’ ಅಂತ ತಿದ್ದೋಣ ಅಂತಿದೀನಿ.

ಉಕ್ರೇನಿನ ಘಟನೆಗೆ ಮಾತ್ರ ದಾರಿ ಕಾಣದೆ ಅಪ್ಪನ್ನೇ ಕೇಳಿದೆ. ಪೂರ್ತಿ ಕತೆ ಹೇಳಿಸಿಕೊಂಡು, ಮೊದಲು ಕೇಳಿದ್ದು ‘ಮತ್ತ ಹೆಂಗ ಕೊಟ್ರು?’ ಅಂತ. ಕಂಪ್ಯೂಟರ್ ನಂಬದೆ ಗಾಡಿ ತಗೊಂಡು ಒಂದೊಂದೇ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ರಂತೆ, ಒಂದರಿಂದ ಆರು ಗಂಟೆ ಒಳಗೆ ಎಲ್ಲ ಕಡೆ ಕೊಟ್ರಂತೆ ಅಂದೆ. ಅಪ್ಪ ಬಲಗೈ ಎತ್ತಿ ಗಾಳಿಯಲ್ಲೇ ಬ್ರೇಕರಿನ ಸ್ಪ್ರಿಂಗ್ ಚಾರ್ಜ್ ಮಾಡೋ ಹ್ಯಾಂಡಲ್ ಮೇಲೆ ಕೆಳಗೆ ಆಡಿಸಿ ತೋರಿಸಿದ್ರು, ‘ಹಿಂಗ ಹಾಕಿರ್ತಾರ’ ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ‘ಅದು ಹೋದದ್ದೂ ಅಲ್ಲ, ತಗದದ್ದೂ ಅಲ್ಲ, ಕಸಗೊಂಡದ್ದು’ ಅಂದ್ರು.

ಕಸಿದುಕೊಂಡ್ರು. ಕೇಳಿದ ತಕ್ಷಣ ಇದೇ ಸರಿ ಅನ್ನಿಸಿತು. ಬರೆಯೋಕೆ ಕೂತಾಗ ಒಂದು ಅನುಮಾನ ಬಂತು, ಕಸಿದುಕೊಂಡವನ ಕೈಗೆ ಆ ವಸ್ತು ಸೇರತ್ತೆ, ಇಲ್ಲಿ ಕರೆಂಟ್ ಯಾರಿಗೂ ಸೇರಲಿಲ್ಲ, ಅವರಿಗೆ ಸೇರಿದ್ದು ಸ್ವಿಚ್ಚು. ಅದಕ್ಕೇ ಸದ್ಯಕ್ಕೆ ‘ಸ್ವಿಚ್ ಕಸಿದುಕೊಂಡು ಕರೆಂಟ್ ತೆಗೆದರು’ ಅಂತ ಉದ್ದಕ್ಕೆ ಬರೆದಿಟ್ಟಿದೀನಿ.

ಇನ್ನೊಂದು ಪ್ರಶ್ನೆ ಇದಕ್ಕೇ ಅಂಟಿಕೊಂಡಿದೆ. ಗ್ರಿಡ್ಡಿಗೆ ಇಂಥದ್ದು ಆಗಬಹುದು ಅನ್ನೋ ಸ್ಥಿತಿಗೆ ಎಲ್ಲರೂ ‘ದೌರ್ಬಲ್ಯ’ ಅಂತ ಬರೀತಾರೆ, ನನಗದು ಒಪ್ಪಿಗೆ ಇಲ್ಲ. ದುರ್ಬಲ ಅಂದ್ರೆ ತಂತಿ ಹಳೇದು, ಟ್ರಾನ್ಸ್‌ಫಾರ್ಮರ್ ಸಾಲದು ಅನ್ನೋ ಅರ್ಥ ಬರತ್ತೆ. ದುರ್ಯೋಧನನ ಮೈಯೆಲ್ಲ ವಜ್ರ, ತೊಡೆ ಒಂದು ಬಿಟ್ಟು, ಅವನನ್ನ ದುರ್ಬಲ ಅಂತೀವಾ? ಅದಕ್ಕೆ ನಮ್ಮಲ್ಲಿ ‘ಮರ್ಮ’ ಇದೆ, ತಾಗಬಾರದ ಜಾಗ. ‘ಗ್ರಿಡ್ಡಿನ ಮರ್ಮ ಅದರ ತಂತ್ರಾಂಶದಲ್ಲಿದೆ’ ಅಂದ್ರೆ ಐಟಿಐ ಹುಡುಗರಿಗೆ ನೆಟ್ಟಗೆ ತಲುಪತ್ತಾ, ಇಲ್ಲಾ ಮರ್ಮ ಅಂದ್ರೆ ಈಗಿನವರಿಗೆ ಬರೀ ಗುಟ್ಟು ಅಂತ ಕೇಳಿಸತ್ತಾ? ಮತ್ತೆ ನಿಮ್ಮಲ್ಲಿ ಯಾರಾದ್ರೂ ಈಗಿನ ಕಂಪ್ಯೂಟರ್ ಇರೋ ಸ್ಟೇಷನ್ನುಗಳಲ್ಲಿ ಕೆಲಸ ಮಾಡೋರು ಇದ್ರೆ ಹೇಳಿ, ದೂರದ ಕಂಟ್ರೋಲ್ ಸೆಂಟರಿನಿಂದ ಬ್ರೇಕರ್ ತೆಗೆದಾಗ ನಿಮ್ಮ ಮಾತಲ್ಲಿ ಅದಕ್ಕೆ ಏನಂತೀರಿ, ‘ಹ್ಯಾಂಡ್ ಟ್ರಿಪ್’ ಅಂತಲೇ ಬರೀತೀರಾ?