ಸಹಾಯ ಬೇಕು: ಕೆನಡಾ ಪೌರತ್ವ ಪ್ರಮಾಣಕ್ಕೆ ಒಂದು ಪುಟದ ಕನ್ನಡ ವಿವರಣೆ

ಪ್ರಮಾಣ ಸ್ವೀಕರಿಸಲಿರುವ ಹಿರಿಯರಿಗಾಗಿ ಈ ಪುಟ. ಹೇಳಬೇಕಾದ್ದು ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲೇ. ಕನ್ನಡ ಅರ್ಥಕ್ಕೆ ಮಾತ್ರ.

2021ರ ಜೂನ್‌ನಲ್ಲಿ ಜಾರಿಯಾದ ತಿದ್ದುಪಡಿಯ ನಂತರ, ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂಬ ಮೂಲನಿವಾಸಿ ಜನರ ಹಕ್ಕು ಮತ್ತು ಒಪ್ಪಂದದ ಹಕ್ಕುಗಳನ್ನು (ದೊರೆಯ ಸರ್ಕಾರದೊಂದಿಗೆ ಅವರು ಮಾಡಿಕೊಂಡ ಒಪ್ಪಂದಗಳಿಂದ ಬಂದ ಹಕ್ಕು) ಮಾನ್ಯ ಮಾಡುವ ಸಂವಿಧಾನವೂ ಸೇರಿ ಕೆನಡಾದ ಕಾನೂನು ಪಾಲಿಸುತ್ತೇನೆ ಎನ್ನಬೇಕು. ಆಧಾರ: 1982ರ ಸಂವಿಧಾನ ಕಾಯ್ದೆಯ 35ನೇ ಕಲಂ. ಜಾಲದಲ್ಲಿ ಇನ್ನೂ ಓಡಾಡುವ ಹಳೇ ಪ್ರಮಾಣವಚನದಲ್ಲಿ ಈ ಭಾಗವೇ ಇಲ್ಲ. ಪ್ರಮಾಣದಲ್ಲಿ ದೊರೆಗೆ ನಿಷ್ಠೆ ಹೇಳಬೇಕು; ಅಲ್ಲಿ ಎಲಿಜಬೆತ್ ರಾಣಿಯ ಹೆಸರಿದ್ದರೆ ಆ ಪ್ರತಿಯನ್ನು ಕಲಿಯಲೇಬೇಡಿ. ಈಗಿನ ದೊರೆ ಮೂರನೇ ಚಾರ್ಲ್ಸ್.

ಬೇಕಿರುವುದು: ನಿಮ್ಮೂರು ಯಾವ ಒಪ್ಪಂದದ ನೆಲ, ಯಾರೊಂದಿಗೆ ಆದದ್ದು ಎಂಬ ಖಚಿತ ಮಾಹಿತಿ. ವಿನಿಪೆಗ್ (ಒಪ್ಪಂದ 1, 1871), ಎಡ್ಮಂಟನ್ (6, 1876), ಕ್ಯಾಲ್ಗರಿ (7, 1877) ಈಗಾಗಲೇ ಪುಟದಲ್ಲಿ ಸೇರಿವೆ. ಟೊರೊಂಟೊ ಸುತ್ತಮುತ್ತ ಗೋಜಲು. ಪಕ್ಕಪಕ್ಕದ ಊರುಗಳಿಗೂ ಬೇರೆ ಬೇರೆ ಒಪ್ಪಂದ. ವ್ಯಾಂಕೂವರ್‌ಗೆ ಸಂಖ್ಯೆ ಹುಡುಕಬೇಡಿ, ಆ ನೆಲವನ್ನು ಒಪ್ಪಂದದ ಮೂಲಕ ಬಿಟ್ಟುಕೊಟ್ಟೇ ಇಲ್ಲ. ಮೂಲನಿವಾಸಿ ಹಕ್ಕಿಗೆ ಒಪ್ಪಂದ ಇರಲೇಬೇಕು ಎಂದು ಬಹಳಷ್ಟು ಜನ ತಪ್ಪಾಗಿ ತಿಳಿಯುತ್ತಾರೆ; ಹಾಗೇನೂ ಇಲ್ಲ.

35ನೇ ಕಲಂ ಬಲ್ಲ ವಕೀಲರು ಯಾರಾದರೂ ಕರಡು ತಿದ್ದಿಕೊಟ್ಟರೆ ದೊಡ್ಡ ಉಪಕಾರ. ಕಾಮೆಂಟ್‌ನಲ್ಲಿ ಊರಿನ ಹೆಸರು ಹಾಕಿ.