ಜಾಂಬೆಜಿ ನದಿ ದಂಡೆಯ ಸಫಾರಿ ಲಾಡ್ಜ್: ಅಷ್ಟು ಹಣ ಕೊಟ್ಟು ಹೋಗಬಹುದೇ?

ಜಯನಗರದ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನಾನು, ನನ್ನ ಪತ್ನಿ ಮತ್ತು ಅರವತ್ತೇಳು ವರ್ಷದ ನಮ್ಮ ತಾಯಿಯವರು ಆಫ್ರಿಕಾಕ್ಕೆ ಹೋಗಬೇಕೆಂದು ಯೋಚಿಸುತ್ತಿದ್ದೇವೆ. ಕೇಳಿದವರೆಲ್ಲರೂ ಕೀನ್ಯಾದ ಮಸಾಯಿ ಮಾರಾ ಎಂದೇ ಹೇಳುತ್ತಾರೆ. ಆದರೆ ಜಾಂಬಿಯಾದ ಲೋಯರ್ ಜಾಂಬೆಜಿ ರಾಷ್ಟ್ರೀಯ ಉದ್ಯಾನದೊಳಗೆ, ನದಿಯ ದಂಡೆಯಲ್ಲಿಯೇ ಇರುವ ಒಂದು ದುಬಾರಿ ಲಾಡ್ಜ್‌ನ ವಿವರಗಳನ್ನು ಓದಿದ ಮೇಲೆ ಮನಸ್ಸು ಅತ್ತ ಎಳೆಯುತ್ತಿದೆ. ತಾಯಿಯವರಿಗೆ ಮಂಡಿನೋವಿರುವುದರಿಂದ ಬೆಳಗ್ಗೆ ಮತ್ತು ಸಂಜೆ ಎರಡೂ ಹೊತ್ತು ಜೀಪಿನಲ್ಲಿ ಕುಲುಕಾಡಿಕೊಂಡು ತಿರುಗುವುದು ಕಷ್ಟ. ಕುಳಿತಲ್ಲಿಯೇ ಪ್ರಾಣಿಗಳು ಕಾಣಿಸುವಂತಿದ್ದರೆ ಅವರಿಗೂ ಸಂತೋಷ. ಮೂವರೂ ಶುದ್ಧ ಸಸ್ಯಾಹಾರಿಗಳು.

ನನ್ನ ಅನುಮಾನ ಇಷ್ಟೇ. ಒಬ್ಬರಿಗೆ ಒಂದು ರಾತ್ರಿಗೆ ಅವರು ಹೇಳುವ ದರದಲ್ಲಿ ನಮ್ಮ ಕಬಿನಿಯಲ್ಲಿ ಇಡೀ ಕುಟುಂಬ ಹಾಯಾಗಿ ಇದ್ದು ಬರಬಹುದು. ಆ ವ್ಯತ್ಯಾಸಕ್ಕೆ ತಕ್ಕಂಥದ್ದು ಅಲ್ಲಿ ನಿಜವಾಗಿಯೂ ಇದೆಯೇ, ಅಥವಾ ಚೆಂದದ ಹಾಸಿಗೆಗೂ ಸ್ನಾನದ ತೊಟ್ಟಿಗೂ ಹಣ ಕೊಟ್ಟಂತಾಗುತ್ತದೆಯೇ? ಯಾವ ತಿಂಗಳು ಹೋಗಬೇಕು? ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾಡಂಚಿನವ

ಸರ್, ಆ ಕಣಿವೆಯಲ್ಲಿ ಉಳಿದು ಬಂದವನಾಗಿ ಹೇಳುತ್ತೇನೆ: ಹಾಸಿಗೆ, ಸ್ನಾನದ ತೊಟ್ಟಿ ಇವುಗಳನ್ನು ನೋಡಿ ಲಾಡ್ಜ್ ಆರಿಸಬೇಡಿ. ನದಿಯನ್ನು ನೋಡಿ, ತಿಂಗಳನ್ನು ನೋಡಿ, ಕೋಣೆಯನ್ನು ಕೊನೆಗೆ ನೋಡಿ. ಇದೇ ಹಣವನ್ನು ತಪ್ಪು ತಿಂಗಳಲ್ಲಿ ಕೊಟ್ಟರೆ ನಿಮ್ಮ ಅನುಮಾನ ನಿಜವಾಗುತ್ತದೆ.

ಕಾರಣ ಹೀಗಿದೆ. ಅಲ್ಲಿ ಮಳೆಗಾಲ ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ. ಆಗ ಕಾಡಿನ ಒಳಗೆಲ್ಲ ಹೊಂಡಗಳು ತುಂಬಿರುವುದರಿಂದ ಪ್ರಾಣಿಗಳು ನದಿಗೆ ಬರಬೇಕಾದ ಅಗತ್ಯವೇ ಇರುವುದಿಲ್ಲ. ದಾರಿಗಳು ಕೆಸರಾಗಿ, ಬಹುತೇಕ ಲಾಡ್ಜ್‌ಗಳು ಬಾಗಿಲು ಹಾಕಿರುತ್ತವೆ. ಜೂನ್ ಕಳೆಯುತ್ತಿದ್ದಂತೆ ಒಳಗಿನ ನೀರು ಒಂದೊಂದಾಗಿ ಬತ್ತುತ್ತದೆ. ಉತ್ತರದಲ್ಲಿ ಕಡಿದಾದ ಬೆಟ್ಟಸಾಲು, ದಕ್ಷಿಣದಲ್ಲಿ ನದಿ, ನಡುವೆ ಅಗಲ ಕಡಿಮೆಯಿರುವ ಬಯಲು: ಆನೆ, ಕಾಡೆಮ್ಮೆ, ಇಂಪಾಲ ಎಲ್ಲವೂ ಈ ಪಟ್ಟಿಗೆ ಇಳಿದು ಬರುತ್ತವೆ, ಅವುಗಳ ಹಿಂದೆ ಸಿಂಹ, ಚಿರತೆ, ಆಫ್ರಿಕಾದ ಕಾಡುನಾಯಿಗಳು ಬರುತ್ತವೆ. ದೊಡ್ಡ ಆನೆಯೊಂದು ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಕುಡಿಯುವುದರಿಂದ ನದಿಯನ್ನು ಬಿಟ್ಟು ಬಹಳ ದೂರ ಹೋಗಲು ಅದಕ್ಕೆ ಆಗುವುದಿಲ್ಲ. ಇದರ ಜೊತೆಗೆ ಇನ್ನೊಂದು ಆಕರ್ಷಣೆಯಿದೆ. ಅಲ್ಲಿನ ದಂಡೆಯುದ್ದಕ್ಕೂ ವಿಂಟರ್‌ಥಾರ್ನ್ ಎಂದು ಕರೆಯುವ, ಜಾಲಿಗೆ ನೆಂಟಸ್ತಿಕೆಯ ದೊಡ್ಡ ಮರಗಳಿವೆ. ಎಲ್ಲ ಮರಗಳೂ ಚಿಗುರುವ ಮಳೆಗಾಲದಲ್ಲಿ ಇದು ಎಲೆ ಉದುರಿಸುತ್ತದೆ. ಸುತ್ತಲೂ ಒಣಗಿ ನಿಂತಾಗ ಇದು ಹಸಿರಾಗಿದ್ದು, ಸುರುಳಿ ಸುತ್ತಿದ ಕಾಯಿಗಳನ್ನು ನೆಲಕ್ಕೆ ಉದುರಿಸುತ್ತದೆ. ಆ ಕಾಯಿಗಳಿಗಾಗಿ ಆನೆಗಳು ಲಾಡ್ಜ್‌ನ ಅಂಗಳಕ್ಕೇ ಬರುತ್ತವೆ. ನಮ್ಮ ಡೇರೆಯ ಮುಂದಿನ ಮರಕ್ಕೆ ಹಣೆಯೊತ್ತಿ ಅಲುಗಿಸಿ ಕಾಯಿ ಬೀಳಿಸಿಕೊಳ್ಳುತ್ತಿದ್ದ ಒಂದು ಗಂಡಾನೆಯ ದೆಸೆಯಿಂದ ನಾವು ಮಧ್ಯಾಹ್ನದ ಊಟಕ್ಕೆ ಬಹಳ ತಡವಾಗಿ ಹೋಗಬೇಕಾಯಿತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಕಬಿನಿಗೂ ಅಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಕಾರಾಪುರದ ಸರ್ಕಾರಿ ಲಾಡ್ಜ್ ಆಗಲಿ ಖಾಸಗಿ ರೆಸಾರ್ಟ್‌ಗಳಾಗಲಿ ಕಾಡಿನ ಹೊರಗಿವೆ. ಗೊತ್ತುಪಡಿಸಿದ ಹೊತ್ತಿಗೆ ವಾಹನದಲ್ಲಿ ಒಳಗೆ ಹೋಗಿ, ಕತ್ತಲಾಗುವುದರೊಳಗೆ ಹೊರಗೆ ಬರಬೇಕು. ಲೋಯರ್ ಜಾಂಬೆಜಿಯಲ್ಲಿ ಉದ್ಯಾನದ ಒಳಗಿರುವ ಲಾಡ್ಜ್‌ಗಳಿಗೆ ಬೇಲಿಯಿಲ್ಲ. ಸಂಜೆಯ ಸಫಾರಿ ಕತ್ತಲಾದ ಮೇಲೂ ಮುಂದುವರಿಯುತ್ತದೆ, ದೊಡ್ಡ ಟಾರ್ಚಿನ ಬೆಳಕಿನಲ್ಲಿ ಪುನುಗಿನ ಬೆಕ್ಕು, ಚಿರತೆ ಕಾಣಸಿಗುತ್ತವೆ. ನದಿಯಲ್ಲಿ ಮೋಟಾರು ದೋಣಿ, ಹುಟ್ಟು ಹಾಕುವ ಕನೂ ದೋಣಿ ಎರಡೂ ಇರುತ್ತವೆ. ತಾಯಿಯವರಿಗೆ ಮೋಟಾರು ದೋಣಿಯೇ ಸರಿ: ಕುಲುಕಾಟವಿಲ್ಲ, ದಂಡೆಯಲ್ಲಿ ನೀರು ಕುಡಿಯುವ ಆನೆಗಳನ್ನು ಜೀಪಿಗಿಂತ ಹತ್ತಿರದಿಂದ ನೋಡಬಹುದು. ಕನೂ ಅವರಿಗೆ ಬೇಡ, ಏಕೆಂದರೆ ನೀರಾನೆಗಳಿರುವ ಕವಲುಗಳಲ್ಲಿ ಗೈಡ್ ಹೇಳಿದ ಕ್ಷಣವೇ ಹುಟ್ಟು ಹಾಕಿ ಸರಿಯಬೇಕಾಗುತ್ತದೆ.

ರಾತ್ರಿಯ ವಿಷಯ ಮೊದಲೇ ತಿಳಿದಿರಲಿ. ನೀರಾನೆಗಳು ಹಗಲೆಲ್ಲ ನೀರಿನಲ್ಲಿದ್ದು ಕತ್ತಲಾದ ಮೇಲೆ ಮೇಯಲು ದಂಡೆ ಹತ್ತುತ್ತವೆ. ಡೇರೆಯ ಬದಿಯಲ್ಲಿಯೇ ಹುಲ್ಲು ಕಿತ್ತು ಅಗಿಯುವ ಸದ್ದು ಬೆಳಗಿನ ಜಾವದವರೆಗೂ ಕೇಳುತ್ತದೆ. ಆದ್ದರಿಂದ ಕತ್ತಲಾದ ಮೇಲೆ ಸಿಬ್ಬಂದಿಯ ಜೊತೆಯಿಲ್ಲದೆ ಡೇರೆಯಿಂದ ಹೊರಗೆ ಕಾಲಿಡುವಂತಿಲ್ಲ. ತುರ್ತಿಗೆ ಸೀಟಿಯನ್ನೋ ಹಾರನ್ನನ್ನೋ ಕೊಟ್ಟಿರುತ್ತಾರೆ. ಬುಕಿಂಗ್ ಮಾಡುವಾಗಲೇ ಊಟದ ಮನೆಗೆ ಅತಿ ಹತ್ತಿರದ ಡೇರೆ ಬೇಕೆಂದೂ ಮೆಟ್ಟಿಲು ಕಡಿಮೆಯಿರಬೇಕೆಂದೂ ಬರೆದು ಕೇಳಿ.

ತಿಂಗಳ ಬಗ್ಗೆ: ಪ್ರಾಣಿಗಳು ಅತಿ ಹೆಚ್ಚು ಕಾಣುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ದಂಡೆಯ ಮಣ್ಣಿನ ಗೋಡೆಗಳಲ್ಲಿ ಬಿಲ ಕೊರೆದು ಗೂಡು ಮಾಡುವ ಕಡುಗೆಂಪು ಕಳ್ಳಿಪೀರ ಹಕ್ಕಿಗಳ ಹಿಂಡುಗಳೂ ಬಂದಿರುತ್ತವೆ. ಆದರೆ ಅಕ್ಟೋಬರಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬೆಂಗಳೂರಿನ ಹವೆಗೆ ಒಗ್ಗಿದ ಹಿರಿಯರಿಗೆ ಅದು ಹಿಂಸೆ. ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ಅವಧಿಯನ್ನು ನಿಮ್ಮ ಕುಟುಂಬಕ್ಕೆ ನಾನು ಆರಿಸುತ್ತೇನೆ. ಬೆಳಗಿನ ಜೀಪಿನಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ, ಸ್ವೆಟರ್ ಮರೆಯಬೇಡಿ.

ವೈದ್ಯವೃತ್ತಿಯವಳು

ಕಾಡಿನ ಬಗ್ಗೆ ಹೇಳುವಷ್ಟು ನನಗೆ ಗೊತ್ತಿಲ್ಲ, ಆರೋಗ್ಯದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಪ್ರಶ್ನೆಯಲ್ಲಿ ಅರವತ್ತು ದಾಟಿದವರೊಬ್ಬರಿದ್ದಾರೆ.

ಜಾಂಬೆಜಿ ಕಣಿವೆಯಲ್ಲಿ ಮಲೇರಿಯಾ ಇದೆ, ಮತ್ತು ಆಫ್ರಿಕಾದಲ್ಲಿ ಹೆಚ್ಚಾಗಿ ಕಾಣುವುದು ಅಪಾಯಕಾರಿಯಾದ ಫಾಲ್ಸಿಪಾರಂ ಬಗೆ. ಒಣ ಋತುವಿನಲ್ಲಿ ಸೊಳ್ಳೆ ಕಡಿಮೆಯೆಂಬ ಕಾರಣಕ್ಕೆ ತಡೆ ಮಾತ್ರೆಯನ್ನು ಬಿಡಬಾರದು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ, ಹಿಂದಿರುಗಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಕೂಡಿದ ಮಾತ್ರೆಯಾದರೆ ಹಿಂದಿರುಗಿದ ಮೇಲೆ ಏಳು ದಿನ ಸಾಕು. ಯಾವುದು ಎಂಬುದನ್ನು ತಾಯಿಯವರ ಉಳಿದ ಔಷಧಗಳನ್ನು ನೋಡಿ ಅವರ ವೈದ್ಯರೇ ನಿರ್ಧರಿಸಬೇಕು. ಊರಿಗೆ ಬಂದ ಮೇಲೆ ಕೆಲವು ತಿಂಗಳೊಳಗೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಿ. ಮಳೆಗಾಲದ ಬೆಂಗಳೂರಿನಲ್ಲಿ ಜ್ವರವೆಂದರೆ ಎಲ್ಲರ ಗಮನವೂ ಡೆಂಗಿಯ ಕಡೆಗೇ ಹೋಗುತ್ತದೆ.

ಎರಡನೆಯದು ಹಳದಿ ಜ್ವರದ ಲಸಿಕೆ. ಅಪಾಯವಿರುವ ದೇಶಗಳಿಂದ ಬರುವವರ ಬಳಿ ಪ್ರಮಾಣಪತ್ರವಿಲ್ಲದಿದ್ದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. 2016ರಿಂದ ಅದು ಜೀವಮಾನಪೂರ್ತಿ ಸಲ್ಲುತ್ತದೆ. ಆದರೆ ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಅರವತ್ತು ದಾಟಿ ಮೊದಲ ಬಾರಿ ಹಾಕಿಸಿಕೊಳ್ಳುವವರಲ್ಲಿ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ಹೀಗಾಗಿ ವಿಮಾನದ ದಾರಿಯೂ ಆರೋಗ್ಯದ ಪ್ರಶ್ನೆಯೇ ಆಗುತ್ತದೆ. ಬೆಂಗಳೂರಿನಿಂದ ಜಾಂಬಿಯಾದ ರಾಜಧಾನಿ ಲುಸಾಕಾಕ್ಕೆ ಇಥಿಯೋಪಿಯಾದ ಅಡಿಸ್ ಅಬಾಬಾದ ಮೂಲಕವೂ ಹೋಗಬಹುದು, ದುಬೈ ಮೂಲಕವೂ ಹೋಗಬಹುದು. ಇಥಿಯೋಪಿಯಾ ಹಳದಿ ಜ್ವರದ ಅಪಾಯವಿರುವ ದೇಶ, ದುಬೈಗೆ ಆ ತೊಡಕಿಲ್ಲ. ಟಿಕೆಟ್ ಕೊಳ್ಳುವ ಮೊದಲು ಹೋಗುವ ಮತ್ತು ಹಾದುಹೋಗುವ ಪ್ರತಿಯೊಂದು ದೇಶವನ್ನೂ ಆಗ ಚಾಲ್ತಿಯಲ್ಲಿರುವ ಸರ್ಕಾರಿ ಪಟ್ಟಿಯೊಂದಿಗೆ ತಾಳೆ ನೋಡಿ, ಬಳಿಕ ತಾಯಿಯವರಿಗೆ ಲಸಿಕೆ ಬೇಕೋ ಬೇಡವೋ ಎಂದು ವೈದ್ಯರನ್ನು ಕೇಳಿ.

ಕಾಡಿನಿಂದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವನ್ನು ಭರಿಸುವ ವಿಮೆ ಇಲ್ಲದೆ ಹೊರಡಬೇಡಿ.

ಲೆಕ್ಕದ ಮನುಷ್ಯ

ಎಲ್ಲರೂ ಹೋಗಿ ಎನ್ನುತ್ತಿರುವಾಗ ನಾನೊಬ್ಬ ಅಡ್ಡ ಮಾತನಾಡುತ್ತೇನೆ, ಕ್ಷಮಿಸಿ.

ಮೊದಲನೆಯದಾಗಿ, ಲೋಯರ್ ಜಾಂಬೆಜಿಯಲ್ಲಿ ಏನು ಸಿಗುವುದಿಲ್ಲ ಎಂಬುದನ್ನು ಯಾರೂ ಬರೆಯಲಿಲ್ಲ. ಅಲ್ಲಿ ಜಿರಾಫೆ ಇಲ್ಲ. ಘೇಂಡಾಮೃಗಗಳನ್ನು ಕಳ್ಳಬೇಟೆ ನಿರ್ನಾಮ ಮಾಡಿದೆ. ಜೀವಮಾನದಲ್ಲಿ ಒಮ್ಮೆ ಆಫ್ರಿಕಾಕ್ಕೆ ಹೋಗುವ ತಾಯಿಗೆ ಜಿರಾಫೆಯನ್ನು ತೋರಿಸದೆ ಕರೆದುಕೊಂಡು ಬರುವುದು ನನಗೇನೋ ಸರಿಕಾಣುವುದಿಲ್ಲ. ಜಾಂಬಿಯಾವೇ ಆಗಬೇಕೆಂದಿದ್ದರೆ ದಕ್ಷಿಣ ಲುವಾಂಗ್ವಾ ಉದ್ಯಾನವನ್ನು ನೋಡಿ. ಸುಮಾರು 9,050 ಚದರ ಕಿಲೋಮೀಟರಿನ ಆ ಉದ್ಯಾನದಲ್ಲಿ ಲುವಾಂಗ್ವಾ ನದಿಯ ದಂಡೆಯಲ್ಲಿಯೂ ಲಾಡ್ಜ್‌ಗಳಿವೆ, ಬೇರೆಲ್ಲಿಯೂ ಕಾಣದ ಥಾರ್ನಿಕ್ರಾಫ್ಟ್ ಜಿರಾಫೆ ಇದೆ, ಚಿರತೆಗೆ ಅದು ಹೆಸರುವಾಸಿ, ಮತ್ತು ಎಲ್ಲ ದರಗಳ ವಸತಿಯೂ ಅಲ್ಲಿ ಸಿಗುತ್ತದೆ. ಒಣ ಋತುವಿನಲ್ಲಿ ಆ ನದಿ ಇಳಿದು ಮಡುಗಳಾಗುವುದರಿಂದ ದೋಣಿಯ ಸುಖ ಮಾತ್ರ ಇರುವುದಿಲ್ಲ.

ಎರಡನೆಯದು ಖರ್ಚು. ದಿನಕ್ಕೆ ಎರಡು ಸಫಾರಿ, ಊಟ, ಪಾನೀಯ, ಬಟ್ಟೆ ಒಗೆಯುವುದು ಸಾಮಾನ್ಯವಾಗಿ ದರದಲ್ಲಿ ಸೇರಿರುತ್ತವೆ (ಒಳ ಉಡುಪುಗಳನ್ನು ಮಾತ್ರ ಹಲವು ಕಡೆ ನಾವೇ ಒಗೆದುಕೊಳ್ಳಬೇಕು). ಲುಸಾಕಾದಿಂದ ಕಾಡಿನ ಮಣ್ಣಿನ ಓಡುಹಾದಿಗೆ ಹೋಗುವ ಪುಟ್ಟ ವಿಮಾನದ ದರ ಬೇರೆ. ಉದ್ಯಾನದ ಶುಲ್ಕ ಸೇರಿದೆಯೋ ಇಲ್ಲವೋ ಕೇಳಬೇಕು. ಇಲ್ಲಿಂದ ಪ್ಯಾಕೇಜ್ ಕೊಂಡರೆ ಮೂಲದಲ್ಲಿಯೇ ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಅಷ್ಟು ಹಣ ಅಲ್ಲಿಯವರೆಗೆ ಕೈಬಿಟ್ಟು ಹೋಗಿರುತ್ತದೆ. ಮಾರಾ ಅಗ್ಗವೆಂದೂ ತಿಳಿಯಬೇಡಿ: 2024ರಿಂದ ಮೀಸಲು ಪ್ರದೇಶದ ಪ್ರವೇಶ ಶುಲ್ಕವೊಂದೇ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶೀಯರಿಗೆ ದಿನಕ್ಕೆ 200 ಡಾಲರ್.

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹುಲ್ಲು ಎದ್ದಾಗ ಅಲ್ಲಿ ಸೇರುವ ಆನೆಗಳನ್ನು ತಾವು ನೋಡಿಲ್ಲವಾದರೆ, ಮೊದಲು ಅದನ್ನು ತಾಯಿಯವರಿಗೆ ತೋರಿಸಿ ಎಂಬುದು ನನ್ನ ಅಭಿಪ್ರಾಯ.

ಕಾಡಂಚಿನವ

ಜಿರಾಫೆಯ ಮಾತು ನಿಜ, ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ಕುಳಿತು ನೋಡುವ ಜಾಗ. ಜೀಪು ಏರಲಾಗದ ದಿನವೂ ವ್ಯರ್ಥವಾಗದಿರುವುದು ನೀರು ತುಂಬಿ ಹರಿಯುವ ನದಿಯ ಎದುರಿನಲ್ಲಿ ಮಾತ್ರ. ಜಾಂಬೆಜಿಗೆ ಮೇಲೆ ಕರೀಬಾ ಅಣೆಕಟ್ಟಿರುವುದರಿಂದ ಒಣ ಋತುವಿನಲ್ಲಿಯೂ ದೋಣಿ ನಡೆಯುವಷ್ಟು ನೀರಿರುತ್ತದೆ. ಎದುರು ದಂಡೆ ಜಿಂಬಾಬ್ವೆಯ ಮಾನಾ ಪೂಲ್ಸ್, 1984ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಆನೆಗಳು ಎರಡು ದೇಶಗಳ ನಡುವೆ ಈಜಿಕೊಂಡು ಓಡಾಡುತ್ತವೆ. ಜಿರಾಫೆಯನ್ನು ನೋಡಲೇಬೇಕೆಂದರೆ ಲುವಾಂಗ್ವಾದಲ್ಲಿಯೂ ಎರಡು ರಾತ್ರಿ ಸೇರಿಸಿಕೊಳ್ಳಲಿ, ಖರ್ಚು ಏರುತ್ತದೆ ಅಷ್ಟೆ.

ಜಯನಗರದ ಓದುಗ

ಎಲ್ಲರಿಗೂ ಧನ್ಯವಾದಗಳು. ಆಗಸ್ಟ್ ತಿಂಗಳು, ದುಬೈ ಮಾರ್ಗ ಎಂಬಲ್ಲಿಗೆ ಬಂದಿದ್ದೇವೆ. ವೈದ್ಯರ ಸಲಹೆಯಂತೆ ತಾಯಿಯವರ ಔಷಧಗಳ ಪಟ್ಟಿಯನ್ನು ಸಿದ್ಧಮಾಡುತ್ತಿದ್ದೇನೆ. ಊಟದ ವಿಷಯ ಮತ್ತು ಸಾಮಾನಿನ ವಿಷಯ ಉಳಿಯಿತು. ಅಮ್ಮ ಈಗಾಗಲೇ ಚಕ್ಕುಲಿ, ಕೋಡುಬಳೆಗೆ ಹಿಟ್ಟು ಬೀಸಿಸುವ ಮಾತನಾಡುತ್ತಿದ್ದಾರೆ.

ಮಲ್ಲೇಶ್ವರದ ಸೊಸೆ

ಅತ್ತೆಯವರನ್ನು ಕರೆದುಕೊಂಡು ಹೋದವಳಾದ್ದರಿಂದ ಇದಕ್ಕೆ ನಾನು ಉತ್ತರಿಸಬಹುದು. ಚಕ್ಕುಲಿ ಒಯ್ಯಲಿ, ಆದರೆ ಡೇರೆಯಲ್ಲಿ ಇಡುವಂತಿಲ್ಲ. ಕೋತಿಗಳು ಜಿಪ್ಪು ತೆಗೆಯುವುದನ್ನು ಕಲಿತಿವೆ, ಹಣ್ಣಿನ ವಾಸನೆಗೆ ಆನೆಯೂ ಬರುತ್ತದೆ. ತಲುಪಿದ ಕೂಡಲೇ ಡಬ್ಬಗಳನ್ನೆಲ್ಲ ಅಡುಗೆಮನೆಗೆ ಒಪ್ಪಿಸಿ, ಊಟದ ಹೊತ್ತಿಗೆ ಕೇಳಿದರೆ ತಂದುಕೊಡುತ್ತಾರೆ. ಸಸ್ಯಾಹಾರವೆಂದು ಬುಕಿಂಗ್‌ನಲ್ಲಿ ಬರೆದರೆ ಮಾತ್ರ ಸಾಲದು. ಮೊಟ್ಟೆ, ಮೀನು, ಮಾಂಸದ ಸಾರು ಯಾವುದೂ ಬೇಡವೆಂದು ಬಿಡಿಸಿ ಬರೆಯಿರಿ. ದಿನಸಿ ದೂರದಿಂದ ಬರಬೇಕಾದ ಜಾಗ, ಹೋದ ಮೇಲೆ ಹೇಳಿದರೆ ಅವರಿಗೂ ಕಷ್ಟ. ಅಲ್ಲಿನವರ ದಿನನಿತ್ಯದ ಊಟ ಎನ್‌ಶಿಮಾ, ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುವ ಬಿಳಿ ಮುದ್ದೆಯಂಥದ್ದು. ಅತಿಥಿಗಳ ಮೇಜಿಗೆ ಅದು ತಾನಾಗಿ ಬರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಸೊಪ್ಪಿನ ಪಲ್ಯದೊಂದಿಗೆ ನಮ್ಮ ಅತ್ತೆಯವರು ಎರಡು ಹೊತ್ತೂ ಅದನ್ನೇ ಉಂಡರು.

ಸಾಮಾನು: ಪುಟ್ಟ ವಿಮಾನದಲ್ಲಿ ಕೈಚೀಲವೂ ಸೇರಿ ಹದಿನೈದರಿಂದ ಇಪ್ಪತ್ತು ಕಿಲೋ ಮಿತಿ ಇರುತ್ತದೆ, ಗಟ್ಟಿ ಸೂಟ್‌ಕೇಸ್ ಹಿಡಿಸುವುದಿಲ್ಲ, ಮೆತ್ತನೆಯ ಚೀಲವೇ ಆಗಬೇಕು. ಕಡುನೀಲಿ ಮತ್ತು ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳು ಸೆಳೆಯುತ್ತವೆ, ಕಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ. ಟಿಪ್ಸ್‌ಗೆ ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ. ಹರಿದ ಅಥವಾ ಹಳೆಯ ಮುದ್ರಣದ ನೋಟುಗಳನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಇಲ್ಲಿ ಕೊಳ್ಳುವಾಗಲೇ ಹೊಸ ನೋಟು ಕೇಳಿ ಪಡೆಯಿರಿ. ಜೀಪಿನ ಮೆಟ್ಟಿಲು ಎತ್ತರವಾಗಿರುತ್ತದೆ. ಹತ್ತಲು ಒಂದು ಮಣೆ ಇಡಿಸಿ ಎಂದು ಮೊದಲ ದಿನವೇ ಗೈಡ್‌ಗೆ ಹೇಳಿಬಿಡಿ, ಪ್ರತಿ ಸಲವೂ ಇಡುತ್ತಾರೆ.